ವಿಮಾನಕ್ಕೆ ತಲೆಯೆತ್ತುವ ಮಗು

ಕೋಡಿಪಾಳ್ಯದಲ್ಲಿ ಮುನಿವೆಂಕಟಮ್ಮನಿಗೆ ಎದುರು ಮಾತಾಡುವವರು ಇರಲಿಲ್ಲ. ಇರುವುದಾದರೂ ಹೇಗೆ? ಊರಿನಲ್ಲಿ ಮೀಸೆ ಬಂದವರಲ್ಲಿ ಅರ್ಧ ಜನ ಅವಳ ಅಂಗನವಾಡಿಯಲ್ಲಿ ಚಡ್ಡಿ ಒದ್ದೆ ಮಾಡಿಕೊಂಡು ಬೆಳೆದವರು. ಅವರಲ್ಲೊಬ್ಬ ಪಂಚಾಯಿತಿ ಕಟ್ಟೆಯ ಮೇಲೆ ಕೂತು ಭಾಷಣ ಬಿಗಿಯುತ್ತಿದ್ದರೆ, ಟೀಚರಮ್ಮ ಆ ದಾರಿಯಲ್ಲಿ ಹೋಗುತ್ತಾ ಒಮ್ಮೆ ತಿರುಗಿ ನೋಡಿದರೆ ಸಾಕು, ಆಸಾಮಿಯ ದನಿ ತಾನಾಗಿ ಇಳಿಯುತ್ತಿತ್ತು.

ಅವಳು ಎಸ್ಸೆಸ್ಸೆಲ್ಸಿ ಮುಗಿಸಿ, ಸೊಣ್ಣಪ್ಪನ ಕೈಹಿಡಿದು ಈ ಊರಿಗೆ ಬಂದಾಗ ದೇವನಹಳ್ಳಿಯ ಈ ದಿಕ್ಕಿನಲ್ಲಿ ದ್ರಾಕ್ಷಿ ಚಪ್ಪರ, ಚಕ್ಕೋತದ ಗಿಡ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಆಮೇಲೆ ವಿಮಾನ ನಿಲ್ದಾಣ ಬಂತು. ಸೊಣ್ಣಪ್ಪನ ಚಪ್ಪರ ಹೋಯಿತು. ಅವನು ಹೋಟೆಲೊಂದರ ಹುಲ್ಲಿಗೆ ನೀರು ಬಿಡುವ ಕೆಲಸಕ್ಕೆ ಸೇರಿದ. ಮುನಿವೆಂಕಟಮ್ಮ ಮಾತ್ರ ಇದ್ದಲ್ಲೇ ಇದ್ದಳು. ಮಕ್ಕಳನ್ನು ತೂಗುವುದು, ಬಸುರಿಯರನ್ನು ಗದರಿಸಿ ಮಾತ್ರೆ ನುಂಗಿಸುವುದು, ಮೊಟ್ಟೆ ಬೇಯಿಸುವುದು, ಹಾಡು ಹೇಳಿಕೊಡುವುದು, ಇಷ್ಟರಲ್ಲೇ ಅವಳ ತಲೆಗೂದಲು ಬೆಳ್ಳಗಾಗಿತ್ತು.

ಒಂದು ವಿಷಯದಲ್ಲಂತೂ ಅವಳನ್ನು ಯಾರೂ ಮೆಚ್ಚಲೇಬೇಕು. ಊನವಿರುವ ಮಕ್ಕಳನ್ನೂ ಎಲ್ಲರ ಜೊತೆಗೇ ಕೂರಿಸಿ ಕಲಿಸಬೇಕು ಎಂದು ಮೇಲಿನವರು ತರಬೇತಿ ಕೊಡುವ ಎಷ್ಟೋ ಮೊದಲೇ, ಅವಳು ಮುನಿರಾಮಯ್ಯನ ಮೊಮ್ಮಗನನ್ನು ಮನೆಯ ಹಿತ್ತಿಲಿನಿಂದ ಎತ್ತಿಕೊಂಡು ಬಂದು ಎಲ್ಲರ ನಡುವೆ ಕೂರಿಸಿದ್ದಳು. ಕುತ್ತಿಗೆ ನಿಲ್ಲದ, ಜೊಲ್ಲು ಸುರಿಸುವ ಹುಡುಗ ಅವನು. "ನಮ್ಮ ಮಕ್ಕಳಿಗೆ ಅಂಟ್ಕೊಂಡ್ರೆ ಏನ್ ಟೀಚರಮ್ಮ ಗತಿ?" ಎಂದು ಬಂದ ತಾಯಂದಿರಿಗೆ, "ನಿಮ್ಮ ಬುದ್ಧಿ ಅವನಿಗೆ ಅಂಟ್ಕೊಳ್ದೆ ಇದ್ರೆ ಸಾಕು, ನಡೀರಿ" ಎಂದು ಬಾಯಿ ಮುಚ್ಚಿಸಿದ್ದಳು. ಮಕ್ಕಳ ವಿಷಯದಲ್ಲಿ ತನಗೆ ತಿಳಿಯದ್ದು ಇಲ್ಲ ಎಂಬ ಹೆಮ್ಮೆ ಅವಳಿಗೆ ಬಂದದ್ದು ಹೀಗೆ, ಬರಬಾರದಿತ್ತು ಎಂದು ಹೇಳುವುದೂ ಕಷ್ಟ.

ಆಗ ಅಂಗನವಾಡಿಗೆ ಸ್ವಂತ ಕಟ್ಟಡವಿರಲಿಲ್ಲ. ಅಪ್ಪಯ್ಯಣ್ಣನ ಮಳಿಗೆ ಸಾಲಿನ ಮೂಲೆ ಅಂಗಡಿಯೇ ಅಂಗನವಾಡಿ. ತಲೆಯ ಮೇಲೆ ತಗಡಿನ ಶೀಟು, ಎರಡು ಕಡೆ ಕಬ್ಬಿಣದ ರೋಲಿಂಗ್ ಶೆಟರ್. ಮಕ್ಕಳು ರಸ್ತೆಗೆ ಓಡದಿರಲೆಂದು ಒಂದು ಶೆಟರನ್ನು ಸದಾ ಎಳೆದೇ ಇಟ್ಟಿರುತ್ತಿದ್ದಳು. ವಿಮಾನ ತಲೆಯ ಮೇಲೆ ಹಾದಾಗ ಊರಿನ ಜನ ಮಾತು ನಿಲ್ಲಿಸುತ್ತಾರೆ, ಅದು ಹೋದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಾರೆ. ಜಗಳವಾದರೂ ಅಷ್ಟೇ, ಮದುವೆ ಮಾತುಕತೆಯಾದರೂ ಅಷ್ಟೇ. ಮುನಿವೆಂಕಟಮ್ಮನ ಮಕ್ಕಳು ಹಾಡನ್ನೂ ಹಾಗೆಯೇ ನಿಲ್ಲಿಸಿ ಹಾಡುವುದನ್ನು ಕಲಿತಿದ್ದವು.

ಎರಡೂವರೆ ವರ್ಷದ ಅಕ್ಷತ ಅಲ್ಲಿಗೆ ಬಂದಳು. ಅಪ್ಪ ಮೂರ್ತಿ ವಿಮಾನ ನಿಲ್ದಾಣದಲ್ಲಿ ಕ್ಯಾಬ್ ಓಡಿಸುವವನು, ಅವನೂ ಟೀಚರಮ್ಮನ ಕೈಯಲ್ಲಿ ಬೆಳೆದವನೇ. ತಾಯಿ ಶಿಲ್ಪ ದೊಡ್ಡಬಳ್ಳಾಪುರದ ಮಗ್ಗದ ಮನೆಯ ಹುಡುಗಿ. ಮಗು ಮುದ್ದಾಗಿತ್ತು, ಚೂಟಿಯಾಗಿತ್ತು, ಒಂದು ಮಾತೂ ಆಡುತ್ತಿರಲಿಲ್ಲ. ಬಂದ ದಿನದಿಂದ ಎಳೆದಿಟ್ಟ ಶೆಟರಿಗೆ ಬೆನ್ನು ಕೊಟ್ಟು ಕೂರುವುದೇ ಅವಳ ಅಭ್ಯಾಸ.

"ಅವರಪ್ಪನೂ ತಡವಾಗೇ ಮಾತಾಡಿದ್ದು, ಈಗ ನೋಡಿ ಬಾಯಿ ಮುಚ್ಚಲ್ಲ" ಎಂದು ಅಜ್ಜಿ ಪಾಪಕ್ಕ ಸಮಾಧಾನ ಹೇಳಿಕೊಳ್ಳುತ್ತಿದ್ದಳು. ತಪ್ಪೆಲ್ಲ ಸೊಸೆಯದೆಂದು ಅವಳ ಲೆಕ್ಕ. ಶಿಲ್ಪನ ತವರಿನ ವಿದ್ಯುತ್ ಮಗ್ಗಗಳ ಗದ್ದಲದಲ್ಲಿ ಮಾತು ಕೇಳದೆ, ಅಲ್ಲಿಯವರು ಕೈಯಲ್ಲೇ ಅರ್ಧ ಸಂಸಾರ ನಡೆಸುತ್ತಾರೆ. ಶಿಲ್ಪನೂ ಮಗಳೊಂದಿಗೆ ಊಟಕ್ಕೆ, ನಿದ್ದೆಗೆ, ಹೊರಗೆ ಹೋಗುವುದಕ್ಕೆ ಕೈಯಾಡಿಸುತ್ತಿದ್ದಳು. ಮಗುವೂ ತಿರುಗಿ ಕೈಯಾಡಿಸುತ್ತಿತ್ತು. "ಕೈ ತಿರುಗ್ಸಿ ತಿರುಗ್ಸಿ ನನ್ ಮೊಮ್ಮಗೂನ ಮೂಗಿ ಮಾಡ್ತಾವ್ಳೆ" ಎಂದು ಪಾಪಕ್ಕ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು.

ಒಮ್ಮೆ ತಪಾಸಣೆಗೆ ಬಂದ ಸೂಪರ್‌ವೈಸರ್ ಮೇಡಂ ಮಗುವನ್ನು ನೋಡಿ, "ಇವಳಿಗೆ ಕಿವಿ ಕೇಳಿಸುತ್ತಾ, ನೋಡಿದ್ದೀರಾ?" ಎಂದು ಕೇಳಿ ಹೋದರು. ಆ ಮಾತು ಮನೆಗೆ ಮುಟ್ಟಿ ಅಂದು ಮೂರ್ತಿಯ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಮಾರನೆಯ ದಿನ ಗಂಡ, ಹೆಂಡತಿ, ಅಜ್ಜಿ ಮೂವರೂ ಅಂಗನವಾಡಿಗೆ ಬಂದು ನಿಂತರು. ಮುನಿವೆಂಕಟಮ್ಮ ನಕ್ಕು, "ಅಯ್ಯೋ ಹುಚ್ಚಪ್ಪಗಳಾ, ಇರಿ, ತೋರಿಸ್ತೀನಿ" ಎಂದಳು. ಮಗು ತನ್ನ ಜಾಗದಲ್ಲಿ ಮಣೆ ಹಿಡಿದು ಆಡುತ್ತಿತ್ತು. ವಿಮಾನದ ಸದ್ದು ಬಂತು. ಉಳಿದ ಮಕ್ಕಳು ತಿರುಗುವ ಮೊದಲೇ ಅಕ್ಷತ ತಲೆಯೆತ್ತಿ, ಎದ್ದು ಬಾಗಿಲಿಗೆ ಓಡಿ, ಆಕಾಶಕ್ಕೆ ಬೊಟ್ಟು ಮಾಡಿ ಕುಣಿದಳು.

"ನೋಡಿದ್ರಾ? ಎಲ್ಲರಿಗಿಂತ ಮೊದ್ಲು ಇವಳಿಗೇ ಕೇಳ್ಸೋದು. ಕಿವಿ ಅಂದ್ರೆ ಕಿವಿ!" ಎಂದಳು ಮುನಿವೆಂಕಟಮ್ಮ. ಮೂರ್ತಿ ಎಲ್ಲರೆದುರಿಗೇ ಕಣ್ಣೊರೆಸಿಕೊಂಡ. ಪಾಪಕ್ಕ ಮೊಮ್ಮಗಳ ದೃಷ್ಟಿ ತೆಗೆದಳು. ಟೀಚರಮ್ಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಶಿಲ್ಪನಿಗೆ ಬುದ್ಧಿ ಹೇಳಿದಳು: "ಇದು ಬರೀ ಹಟ ಕಣಮ್ಮ. ಕೈಸನ್ನೆ ಬಿಟ್ಬಿಡು. ಬಾಯ್ಬಿಟ್ಟು ಕೇಳೋವರ್ಗೂ ಏನೂ ಕೊಡಬೇಡ, ಮಾತು ತಾನಾಗೇ ಬರುತ್ತೆ." ಶಿಲ್ಪ ತಲೆಯಾಡಿಸಿ ಮಗುವನ್ನು ಎತ್ತಿಕೊಂಡು ಹೋದಳು. ಅಂದಿನಿಂದ ಮೂರ್ತಿ ಕ್ಯಾಬ್ ನಿಲ್ದಾಣದಲ್ಲಿ ತನ್ನ ಮಗಳು ಪೈಲಟ್ ಆಗುತ್ತಾಳೆಂದು ಸಾರತೊಡಗಿದ.

ಎರಡು ವರ್ಷ ಹೀಗೆ ಹೋಯಿತು. ಮಾತು ಬರಲಿಲ್ಲ. ಆದರೆ ಅಂಗನವಾಡಿಯಲ್ಲಿ ವಿಮಾನ ಬಂದಾಗಲೆಲ್ಲ ಮಗು ತಲೆಯೆತ್ತುತ್ತಿತ್ತು. ಅದನ್ನು ನೋಡಿ ಎಲ್ಲರೂ ಮತ್ತಷ್ಟು ದಿನ ಸುಮ್ಮನಿರುತ್ತಿದ್ದರು.

ಅಷ್ಟರಲ್ಲಿ ಯಾವುದೋ ಕಂಪನಿಯ ದುಡ್ಡಿನಲ್ಲಿ ಊರಿಗೆ ಹೊಸ ಅಂಗನವಾಡಿ ಕಟ್ಟಡ ಎದ್ದಿತು. ದಪ್ಪ ಗೋಡೆ, ಮೇಲೆ ಕಾಂಕ್ರೀಟಿನ ಮೋಲ್ಡು, ಗಾಜಿನ ಕಿಟಕಿ, ಗೋಡೆಯ ತುಂಬ ಆನೆ ಜಿರಾಫೆ. ಟೇಪು ಕತ್ತರಿಸಿ, ಫೋಟೋ ಹಿಡಿದು, ಲಾಡು ಹಂಚಿ ದೊಡ್ಡವರೆಲ್ಲ ಹೊರಟುಹೋದರು. ಮಕ್ಕಳಿಗೆ ಸಂಭ್ರಮವೋ ಸಂಭ್ರಮ. ಅಕ್ಷತ ಮಾತ್ರ ಒಂದು ಗೋಡೆಯಿಂದ ಇನ್ನೊಂದಕ್ಕೆ ಹೋಗಿ ಅಂಗೈ ಒತ್ತಿ ನೋಡುತ್ತಾ ಅಳುತ್ತಿದ್ದಳು.

ಹೊಸ ಜಾಗ, ಹೊಂದಿಕೊಳ್ಳುತ್ತಾಳೆ ಎಂದುಕೊಂಡಳು ಮುನಿವೆಂಕಟಮ್ಮ. ವಿಮಾನ ಬಂದಾಗ ಉಳಿದವರು ಕಿಟಕಿಗೆ ಓಡುತ್ತಿದ್ದರು. ಅವರು ಓಡುವುದನ್ನು ಕಂಡು ಅಕ್ಷತ ಹಿಂದಿನಿಂದ ಓಡುತ್ತಿದ್ದಳು. ಎಲ್ಲರಿಗಿಂತ ಮೊದಲು ಓಡುತ್ತಿದ್ದ ಹುಡುಗಿ ಈಗ ಎಲ್ಲರ ಕೊನೆಗೆ. ಒಂದು ಮಧ್ಯಾಹ್ನ ಊಟವಾಗಿ ಮಕ್ಕಳೆಲ್ಲ ಮಲಗಿದ್ದಾಗ ಅವಳೊಬ್ಬಳೇ ಎಚ್ಚರವಿದ್ದು ಚಾಪೆಯ ಎಳೆ ಕೀಳುತ್ತಿದ್ದಳು. ಕಿಟಕಿಯ ಹೊರಗೆ ವಿಮಾನವೊಂದು ತೀರ ಕೆಳಗೆ ಹಾದುಹೋಯಿತು. ನಿದ್ದೆಯಲ್ಲಿದ್ದ ಪುಟ್ಟ ಹುಡುಗಿ ಮಾನಸ ಬೆಚ್ಚಿಬಿದ್ದು ಎದ್ದು ಕೂತಳು. ಅಕ್ಷತ ಎಳೆ ಕೀಳುತ್ತಲೇ ಇದ್ದಳು.

ಮುನಿವೆಂಕಟಮ್ಮ ಕೂತಲ್ಲಿಂದಲೇ "ಅಕ್ಷತಾ" ಎಂದು ಕರೆದಳು, ಮತ್ತೆ ಗಟ್ಟಿಯಾಗಿ ಕರೆದಳು. ಕಣ್ಣುಜ್ಜಿಕೊಳ್ಳುತ್ತಿದ್ದ ಮಾನಸ, "ಹೆಸ್ರು ಹಿಡಿದ್ ಕರೆದ್ರೆ ಅವ್ಳು ಬರಲ್ಲ ಮಿಸ್, ಹೋಗಿ ಮುಟ್ಬೇಕು" ಎಂದಳು. ಮಕ್ಕಳಿಗೆ ಇದು ಹೊಸ ಸುದ್ದಿಯೇನೂ ಆಗಿರಲಿಲ್ಲ.

ಅವಳು ಮಕ್ಕಳನ್ನು ಸಹಾಯಕಿಗೆ ಒಪ್ಪಿಸಿ, ಅಕ್ಷತಳನ್ನು ಸೊಂಟದ ಮೇಲೆ ಹಾಕಿಕೊಂಡು ಹಳೆಯ ಮಳಿಗೆಗೆ ಹೋದಳು. ಅಪ್ಪಯ್ಯಣ್ಣ ಅಲ್ಲಿ ಸಿಮೆಂಟು ಮೂಟೆ ತುಂಬಿಸಿದ್ದ. ಮಗುವನ್ನು ಹಳೆಯ ಜಾಗದಲ್ಲಿ, ಶೆಟರಿಗೆ ಒರಗಿಸಿ ಕೂರಿಸಿದಳು. ವಿಮಾನ ಬಂತು. ಶೆಟರು ಮೇಲಿಂದ ಕೆಳಗಿನವರೆಗೆ ಗಡಗಡ ನಡುಗಿತು, ಮಗು ಥಟ್ಟನೆ ತಲೆಯೆತ್ತಿ ನಕ್ಕಿತು. ಮುಂದಿನ ವಿಮಾನಕ್ಕೆ ಮುನಿವೆಂಕಟಮ್ಮ ಅವಳನ್ನು ತೊಡೆಯ ಮೇಲೆ ಎತ್ತಿ ಕೂರಿಸಿಕೊಂಡು, ಗೋಡೆಗೂ ನೆಲಕ್ಕೂ ಶೆಟರಿಗೂ ತಾಗದಂತೆ ಮೂಟೆಯ ಮೇಲೆ ಕೂತಳು. ವಿಮಾನ ಬಂತು, ಹೋಯಿತು. ಮಗು ಅವಳ ತಾಳಿಯ ಮಣಿಯನ್ನು ತಿರುಗಿಸುತ್ತಿತ್ತು.

ನಂಬಲಾಗದೆ ಮತ್ತೆ ಇಳಿಸಿದಳು, ಮತ್ತೆ ಎತ್ತಿಕೊಂಡಳು. ತಾನು ಹೇಳಿದ್ದೇ ನಿಜವಾಗಲಪ್ಪ ದೇವರೇ ಎಂದು ಬೇಡಿಕೊಳ್ಳುತ್ತಾ ವಿಮಾನದ ಮೇಲೆ ವಿಮಾನ ಕಾದಳು. ಶೆಟರಿಗೆ ಬೆನ್ನು ತಾಗಿದಾಗ ಮಾತ್ರ ಮಗುವಿಗೆ ವಿಮಾನವಿತ್ತು. ಎರಡು ವರ್ಷ ಆ ಮಗು ಬೆನ್ನಿನಿಂದ ತಿಳಿದುಕೊಂಡದ್ದನ್ನು ಊರೆಲ್ಲ ಕಿವಿಯ ಲೆಕ್ಕಕ್ಕೆ ಬರೆದಿತ್ತು, ಬರೆಸಿದವಳು ಅವಳೇ. ಸಿಮೆಂಟಿನ ದೂಳಿನಲ್ಲಿ ಕೂತು ಮುನಿವೆಂಕಟಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಅಂದು ಸಂಜೆಯೇ ಆರೋಗ್ಯ ಕೇಂದ್ರದವರಿಗೆ ಫೋನು ಮಾಡಿದಳು. ನಗರದ ದೊಡ್ಡ ಆಸ್ಪತ್ರೆಗೆ ಬೇಗ ಕರೆದುಕೊಂಡು ಹೋಗಿ, ಬೇಕಾದರೆ ಆಪರೇಷನ್ನೂ ಮಾಡುತ್ತಾರೆ, ಆದರೆ ಮಗು ಚಿಕ್ಕದಿದ್ದಷ್ಟೂ ಒಳ್ಳೆಯದು, ಐದು ದಾಟಿದರೆ ಕಷ್ಟ ಎಂದು ಅವರು ಹೇಳಿದರು. ಅಕ್ಷತಳಿಗೆ ಯುಗಾದಿಗೆ ಐದು ತುಂಬುತ್ತಿತ್ತು. ಆಗಲೇ ಸಂಕ್ರಾಂತಿ ಕಳೆದಿತ್ತು.

ಅವಳು ನೇರವಾಗಿ ಮೂರ್ತಿಯ ಮನೆಗೆ ಹೋಗಿ, ಸುತ್ತಿ ಬಳಸದೆ ಇದ್ದದ್ದು ಇದ್ದ ಹಾಗೆ ಹೇಳಿದಳು. ಮೂರ್ತಿಯ ಮುಖ ಕಪ್ಪಿಟ್ಟಿತು.

"ಅವತ್ತು ಕೇಳ್ಸುತ್ತೆ ಅಂದ್ರಿ, ಇವತ್ತು ಕೇಳ್ಸಲ್ಲ ಅಂತೀರ. ನನ್ ಮಗಳ ಕಿವಿ ಏನು ಟೀಚರಮ್ಮ, ನಿಮ್ಮ ಅಂಗನವಾಡಿ ಲೈಟಾ, ಬೇಕಾದಾಗ ಹಾಕಿ ಬೇಡದಾಗ ಆರ್ಸೋಕೆ?"

ಕೋಡಿಪಾಳ್ಯದಲ್ಲಿ ಅವಳಿಗೆ ಎದುರು ಮಾತಾಡಿದ ಮೊದಲನೆಯವನು ಅವನೇ. ಅವಳು ತಪ್ಪು ಹೇಳಿದಾಗ ಊರೇ ತಲೆಯಾಡಿಸಿತ್ತು. ನಿಜ ಹೇಳಲು ಬಂದರೆ ಕೇಳುವವರಿಲ್ಲ. ಪಾಪಕ್ಕನಿಗೆ ಕಾರಣವೂ ಸಿದ್ಧವಾಗಿತ್ತು: "ಊರದೇವ್ರು ಸಪ್ಪಲಮ್ಮಂಗೆ ಒಂದು ತೆಂಗಿನಕಾಯಿ ಒಡೀದೆ, ಕತ್ರಿ ತಗೊಂಡು ಟೇಪು ಕುಯ್ದು ಒಳಕ್ಕೆ ಹೋದ್ರಲ್ಲ ನೀವು, ಅವತ್ತೇ ಮಗೂಗೆ ತಾಗಿದ್ದು. ಹಳೇ ಜಾಗದಲ್ಲಿ ಚೆನ್ನಾಗೇ ಕೇಳ್ತಿತ್ತು." ಮಾರನೆಯ ದಿನದಿಂದ ಮಗು ಅಂಗನವಾಡಿಗೆ ಬರಲಿಲ್ಲ. ಪಾಪಕ್ಕ ಹರಕೆ ಹೊತ್ತು, ಮಂಗಳವಾರ ಶುಕ್ರವಾರ ಮೊಮ್ಮಗಳನ್ನು ಸಪ್ಪಲಮ್ಮನ ಗುಡಿಗೆ ಎಳೆದುಕೊಂಡು ಹೋಗತೊಡಗಿದಳು.

ಮುನಿವೆಂಕಟಮ್ಮ ಕೈಚೆಲ್ಲಿ ಕೂರುವವಳಲ್ಲ. ಒಂದು ಬೆಳಿಗ್ಗೆ ಸ್ಟೀಲ್ ತಟ್ಟೆ, ಸೌಟು ಹಿಡಿದು ಅವರ ಅಂಗಳಕ್ಕೆ ಹೋದಳು. ಅಕ್ಷತ ಅಜ್ಜಿಯೆದುರು ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಟೀಚರಮ್ಮ ಸದ್ದಿಲ್ಲದೆ ಮಗುವಿನ ಹಿಂದೆ ಬಂದು, ಪಾಪಕ್ಕನಿಗೆ ಕಣ್ಣಲ್ಲೇ ನೋಡು ಎಂದು ಹೇಳಿ, ತಟ್ಟೆಯನ್ನು ಢಣ್ಣೆಂದು ಬಡಿದಳು. ಪಾಪಕ್ಕ ಬೆಚ್ಚಿ ಅತ್ತ ನೋಡಿದಳು. ಅಜ್ಜಿಯ ಕಣ್ಣು ಹೋದತ್ತ ಮಗುವೂ ತಿರುಗಿತು.

"ತಿರುಗ್ಲಿಲ್ವಾ? ಈಗ ತಿರುಗ್ಲಿಲ್ವಾ?" ಪಾಪಕ್ಕ ಎದ್ದು ನಿಂತಳು. "ನಮ್ಮ ಮನೆ ಮಗೂಗೆ ಕಿವುಡು ಅಂತ ಹೆಸ್ರಿಡೋಕೆ ನಿಂಗೇನಮ್ಮ ಅಷ್ಟು ಆಸೆ? ನಾಳೆ ಇವಳಿಗೆ ಗಂಡು ಎಲ್ಲಿ ಸಿಗ್ತಾನೆ?"

"ನಿನ್ನ ಮುಖ ನೋಡಿ ತಿರುಗಿದ್ದು ಪಾಪಕ್ಕ, ಇನ್ನೊಂದ್ಸಲ..." ಎಂದು ಅವಳು ಅಂಗಲಾಚಿದಳು. ಇನ್ನೊಂದು ಸಲ ಸಿಗಲಿಲ್ಲ. ಬೀದಿಯವರು ಬಾಗಿಲಿಗೆ ಬಂದು ನೋಡುತ್ತಿದ್ದರು. ಆ ಬೀದಿಯಲ್ಲಿ ತಟ್ಟೆ ಸೌಟು ಹಿಡಿದು ವಾಪಸು ನಡೆಯುವಾಗ ಅವಳಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಆಮೇಲೆ ಕ್ಯಾಬ್ ನಿಲ್ದಾಣಕ್ಕೇ ಹೋಗಿ ಮೂರ್ತಿಯನ್ನು ಹಿಡಿದಳು. ಈ ಸಲ ಅವನು ಕೂಗಾಡಲಿಲ್ಲ. ಕಾರಿನ ಹಿಂದಿನ ಬಾಗಿಲು ತೆಗೆದು ಅವಳನ್ನು ಕೂರಿಸಿ, ತಾನು ಮುಂದೆ ಸ್ಟೀರಿಂಗ್ ಹಿಡಿದು ಕೂತ.

"ತಲೆಬುರುಡೆ ಕೊರೆದು ಒಳಗೆ ಏನೋ ಕೂರಿಸ್ತಾರಂತೆ. ಮೊಬೈಲಲ್ಲಿ ನೋಡ್ದೆ. ನೋಡಕ್ಕಾಗ್ಲಿಲ್ಲ." ಹಿಂದಕ್ಕೆ ತಿರುಗದೆಯೇ ಹೇಳಿದ, "ಟೀಚರಮ್ಮ, ಕೇಳ್ಸುತ್ತೆ ಅಂತ ಇನ್ನೊಂದು ಸಲ ಹೇಳ್ಬಿಡಿ. ನೀವು ಹೇಳಿದ್ರೆ ಸಾಕು ನಂಗೆ."

ಅವನಿಗೆ ನಾಲ್ಕು ವರ್ಷವಿದ್ದಾಗ ಮಂಡಿ ಒಡೆದುಕೊಂಡು ಬಂದು, ನೋವಾಗಲ್ಲ ಅಂತ ಹೇಳಿ ಮಿಸ್ ಎಂದು ಅಳುತ್ತಿದ್ದುದು ಅವಳಿಗೆ ನೆನಪಾಯಿತು. ಆಗ ಸಲೀಸಾಗಿ ಹೇಳಿದ್ದಳು. ಈಗ, "ಹೇಳಕ್ಕಾಗಲ್ಲ ಕಣೋ ಮೂರ್ತಿ" ಎಂದಳು. ಅವನು ಇಳಿದು ಬಾಗಿಲು ತೆಗೆದು ಅವಳನ್ನು ಇಳಿಸಿದ. ಯುಗಾದಿ ಬಂತು, ಹೋಯಿತು. ಮಗುವಿಗೆ ಐದು ತುಂಬಿತು. 

ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ಅಂಗನವಾಡಿಯ ಬೀಗ ತೆಗೆಯುತ್ತಿದ್ದಾಗ ಶಿಲ್ಪ ಮಗುವನ್ನು ಎತ್ತಿಕೊಂಡು ಬಂದಳು. ಹೆಗಲಿಗೆ ಚೀಲವಿತ್ತು. "ಅವ್ರು ಏರ್‌ಪೋರ್ಟ್ ಡ್ಯೂಟಿಗೆ ಹೋದ್ರು. ಅತ್ತೆ ಗುಡಿಗೆ ಹೋಗವ್ರೆ. ನಡೀರಿ ಅಕ್ಕ, ಆಸ್ಪತ್ರೆಗೆ" ಎಂದಳು, ಅಷ್ಟೇ. ಮುನಿವೆಂಕಟಮ್ಮ ಬೀಗದ ಕೈಯನ್ನು ಸಹಾಯಕಿಯ ಕೈಗಿಟ್ಟು ಚಪ್ಪಲಿ ಮೆಟ್ಟಿದಳು.

ಆಸ್ಪತ್ರೆಯಲ್ಲಿ ಮಗುವಿಗೆ ನಿದ್ದೆಯ ಔಷಧಿ ಕುಡಿಸಿ, ತಲೆಗೆ ವೈರು ಅಂಟಿಸಿ, ಕಿವಿಯೊಳಗೆ ಸದ್ದು ಬಿಟ್ಟು ನೋಡಿದರು. ಇಬ್ಬರೂ ಹೊರಗೆ ಬೆಂಚಿನ ಮೇಲೆ ಕೂತರು. ಸಂಜೆಯ ಹೊತ್ತಿಗೆ ಡಾಕ್ಟರಮ್ಮ ಒಳಗೆ ಕರೆದರು. ವಯಸ್ಸು ಚಿಕ್ಕದು, ದಣಿದಿದ್ದರು.

"ಎರಡು ಕಿವಿಯೂ ಹುಟ್ಟಿದಾಗಿನಿಂದಲೇ ಕೇಳಿಸ್ತಿಲ್ಲ. ಮೊದಲು ಮಷಿನ್ ಹಾಕಿ ನೋಡೋಣ, ಆಮೇಲೆ ಆಪರೇಷನ್ ವಿಚಾರ. ಆದರೆ ಮಾತು ಕಲಿಯೋ ವಯಸ್ಸು ಬಹಳ ಮಟ್ಟಿಗೆ ಕಳೆದುಹೋಗಿದೆ. ಎಷ್ಟು ಬರುತ್ತೆ ಅಂತ ನಾನು ಮಾತು ಕೊಡಲ್ಲ. ಎರಡು ವರ್ಷ ಮೊದಲು ಬಂದಿದ್ದರೆ ಚೆನ್ನಾಗಿತ್ತು." ಅವರು ಶಿಲ್ಪನ ಕಡೆ ತಿರುಗಿದರು. "ತಾಯಿ ನೀವು, ಹಗಲೂ ರಾತ್ರಿ ಜೊತೇಲಿರ್ತೀರ. ಒಂದು ದಿನವೂ ಅನುಮಾನ ಬರ್ಲಿಲ್ವಾ ನಿಮಗೆ?"

ತಪ್ಪು ನನ್ನದು ಎಂದು ಹೇಳಲು ಮುನಿವೆಂಕಟಮ್ಮ ಬಾಯಿ ತೆರೆದಳು.  ಅಷ್ಟರಲ್ಲಿ ಶಿಲ್ಪ ಮಾತಾಡಿದಳು.

"ಬಂದಿತ್ತು ಮೇಡಂ. ಎದೆ ಮೇಲೆ ಮಲಗಿಸ್ಕೊಂಡು ಹಾಡಿದ್ರೆ ಮಲಗೋಳು, ಪಕ್ಕದಲ್ಲಿ ಹಾಕಿ ಹಾಡಿದ್ರೆ ಅಳೋಳು. ಒಂದು ವರ್ಷ ತುಂಬೋ ಮೊದ್ಲೇ ನಂಗೆ ಗೊತ್ತಾಗಿತ್ತು. ಅದಕ್ಕೇ ಕೈಯಲ್ಲಿ ಮಾತಾಡೋದು ಕಲಿಸ್ತಿದ್ದೆ. ಚೆನ್ನಾಗಿ ಕಲೀತಿದ್ಲು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಇವರು ನಮ್ಮೂರ ಟೀಚರು. ಕೇಳ್ಸುತ್ತೆ ಅಂದ್ರು. ಬಾಯ್ಬಿಟ್ಟು ಕೇಳೋವರ್ಗೂ ಏನೂ ಕೊಡಬೇಡ ಅಂದ್ರು. ಒಂದು ಸಲ ಬೇಸಿಗೇಲಿ ನೀರಿಗೆ ಕೈ ತೋರ್ಸಿ ತೋರ್ಸಿ ಅತ್ಲು. ಕೊಡ್ಲಿಲ್ಲ. ಅತ್ತೂ ಅತ್ತೂ ಹಂಗೇ ನಿದ್ದೆ ಹೋದ್ಲು. ಆಮೇಲಿಂದ ನನ್ನ ಹತ್ರ ಕೈ ಆಡ್ಸೋದೇ ಬಿಟ್ಬಿಟ್ಲು."

ಡಾಕ್ಟರಮ್ಮ ಚೀಟಿ ಬರೆದುಕೊಟ್ಟರು.

ವಾಪಸು ಬರುವಾಗ ಬಸ್ಸು ಹೆಬ್ಬಾಳ ದಾಟಿತು. ಔಷಧಿಯ ಅಮಲಿನಲ್ಲಿದ್ದ ಮಗು ತಾಯಿಯ ಮಡಿಲಿನಲ್ಲಿ ಮಲಗಿತ್ತು. ಚೀಲದೊಳಗೆ ಶಿಲ್ಪನ ಫೋನು ಬಡಿದುಕೊಳ್ಳುತ್ತಲೇ ಇತ್ತು. ಮೂರ್ತಿಯದಿರಬೇಕು, ಅವಳು ತೆಗೆಯಲಿಲ್ಲ. ಮುನಿವೆಂಕಟಮ್ಮ ಕಿಟಕಿಗೆ ಮುಖ ಮಾಡಿ ಕೂತು, "ನಾನು ಈ ಕೆಲಸ ಬಿಟ್ಬಿಡ್ತೀನಿ ಶಿಲ್ಪ. ಇನ್ನು ಯಾವ ಮಗೂನೂ ನಾನು ಮುಟ್ಟಬಾರ್ದು" ಎಂದಳು.

ಶಿಲ್ಪ ಮಗುವಿನ ಹಣೆಗೆ ಅಂಟಿದ್ದ ಗೋಂದನ್ನು ಉಗುರಿನಿಂದ ಬಿಡಿಸುತ್ತಿದ್ದಳು. 

"ಬಿಟ್ಬಿಟ್ರೆ? ದೇವನಹಳ್ಳಿ ಕಾನ್ವೆಂಟ್‌ನಲ್ಲಿ ಕೇಳ್ದೆ, ಇಂಥ ಮಕ್ಳನ್ನ ತಗೊಳ್ಳಲ್ಲ ಅಂದ್ರು. ದೂರದ ಹಾಸ್ಟೆಲಿಗೆ ಬಿಡಕ್ಕೆ ನನ್ ಜೀವ ಒಪ್ಪಲ್ಲ. ಮನೇಲಿಟ್ಕೊಂಡ್ರೆ ಅತ್ತೆ ಗುಡಿಗೆ ಎಳ್ಕೊಂಡು ಹೋಗ್ತಾರೆ." ಅವಳು ಈಗ ಮೊದಲ ಸಲ ಟೀಚರಮ್ಮನ ಮುಖ ನೋಡಿದಳು. "ನಾಳೆ ಬೆಳಿಗ್ಗೆ ಕರ್ಕೊಂಡು ಬರ್ತೀನಿ. ನಿಮ್ಮ ಹತ್ರ ಅಲ್ದೆ ಇನ್ನೆಲ್ಲಿಗೆ ಕಳಿಸ್ಲಿ ಅಕ್ಕ ನಾನು?"